ಕೆನ್ನೆಗೆ ಕೇಳಿಸುತ್ತಿದ್ದ ಗಾಳಿ

ನನ್ನ ಮೈದುನ ಮುಖ ತೊಳೆದರೆ ಒರೆಸಿಕೊಳ್ಳುತ್ತಿರಲಿಲ್ಲ. ಬಚ್ಚಲಿನಿಂದ ಹಾಗೇ ಹೊರಗೆ ಬಂದು, ಜಗಲಿಯ ಕೊನೆಯ ಕಂಬದ ಹತ್ತಿರ ನಿಂತು, ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆ ಗಾಳಿಗೆ ಕೊಡುತ್ತಿದ್ದ. ಕಣ್ಣು ಮುಚ್ಚಿರುತ್ತಿತ್ತು. ಗದ್ದದಿಂದ ನೀರು ತೊಟ್ಟಿಕ್ಕಿ ಅಂಗಿಯ ಎದೆ ನೆನೆಯುತ್ತಿತ್ತು. ಯುದ್ಧದಲ್ಲಿ ಚಳಿಜ್ವರಕ್ಕೆಂದು ನುಂಗಿಸಿದ ಮಾತ್ರೆಗಳಿಂದ ಅವನ ಚರ್ಮ ಹಳದಿಗೆ ತಿರುಗಿ, ಹಸೆಮಣೆಯಿಂದ ಆಗಷ್ಟೇ ಎದ್ದು ಬಂದ ಮದುವೆಗಂಡಿನ ಹಾಗೆ ಕಾಣುತ್ತಿದ್ದ. ಆ ಬಣ್ಣ ಬಿಡಲು ಬಹಳ ದಿನ ಹಿಡಿಯಿತು. ಮದುವೆ ಮಾತ್ರ ಅವನಿಗೆ ಆಗಲೇ ಇಲ್ಲ.

"ಒರೆಸ್ಕಳ್ಳಲಾ, ಸೀತ ಆಯ್ತದೆ," ಎಂದು ನಮ್ಮ ಅತ್ತೆ ಒಳಗಿನಿಂದ ಕೂಗುತ್ತಿದ್ದರು. ಅವನು ತಿರುಗುತ್ತಿರಲಿಲ್ಲ. "ಒರಳಕಲ್ಲಿಗೆ ಯೋಳುದ್ರೂ ಕೇಳ್ತದೆ, ಈ ನನ್ಮಗಂಗೆ ಕೇಳಾಕಿಲ್ಲ," ಎಂದು ಗೊಣಗಿ ಸುಮ್ಮನಾಗುತ್ತಿದ್ದರು. ಮಗ ಹಟಮಾರಿ ಎಂದೇ ಅವರು ತಿಳಿದಿದ್ದರು.

ನಾನು ಮದ್ದೂರಿನವಳು. ಅಲ್ಲೇ ಲೋಯರ್ ಸೆಕೆಂಡರಿ ಮುಗಿಸಿ ಕೊತ್ತತ್ತಿಗೆ ಸೊಸೆಯಾಗಿ ಬಂದೆ. ಆಗ ಮೈದುನ ಮಂಡ್ಯದಲ್ಲಿ ಒಬ್ಬ ಸಾಬರ ಲಾರಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ. ವಯಸ್ಸಿನಲ್ಲಿ ನಾವಿಬ್ಬರೂ ಹೆಚ್ಚು ಕಡಿಮೆ ಒಂದೇ. ಹೊಸ ಮನೆಯಲ್ಲಿ ನನ್ನ ಜೊತೆ ಮೊದಲು ನಕ್ಕು ಮಾತಾಡಿದವನು ಅವನೇ. ಗಂಡನ ಜೊತೆ ಮಾತಾಡಲು ನನಗೆ ಇನ್ನೂ ನಾಚಿಕೆ ಇದ್ದ ದಿನಗಳಲ್ಲಿ, ಬೇಕಾದದ್ದನ್ನು ಅವನಿಗೆ ಹೇಳುತ್ತಿದ್ದೆ, ಅವನು ಅಣ್ಣನಿಗೆ ಹೇಳುತ್ತಿದ್ದ. ಯುದ್ಧ ಬಂದಾಗ ಏರ್‌ಫೋರ್ಸಿಗೆ ಸೇರಿ ಅಸ್ಸಾಮಿನ ಕಡೆ ಹೋದ. ಹಾರುವುದಕ್ಕಲ್ಲ, ಹಾರಿ ಬಂದ ವಿಮಾನಗಳ ಇಂಜಿನ್ ಬಿಚ್ಚಿ ಕಟ್ಟುವುದಕ್ಕೆ. ಯುದ್ಧ ಮುಗಿದ ಮೇಲೆ ಒಂದು ತಗಡಿನ ಟ್ರಂಕು, ಆ ಹಳದಿ ಬಣ್ಣ, ಒಂದು ದಿನ ಬಿಟ್ಟು ಒಂದು ದಿನ ಬರುವ ನಡುಕದ ಜ್ವರ ಇಷ್ಟನ್ನು ತಂದ.

ನಮ್ಮ ಊರಿಗೆ ಆ ಜ್ವರ ಹೊಸದಲ್ಲ. ನಾಲೆ ಬಂದ ಮೇಲೆ ನಮ್ಮ ಕಡೆ ರಾಗಿ ತಿನ್ನುತ್ತಿದ್ದವರು ಅನ್ನ ತಿನ್ನುವಂತಾದರು, ಅದರ ಜೊತೆಗೆ ಗದ್ದೆಯ ಸೊಳ್ಳೆಯಿಂದ ನಡುಗುವಂತೆಯೂ ಆದರು. ಮಧ್ಯಾಹ್ನದ ಬಿಸಿಲಿನಲ್ಲಿ ಯಾರ ಮನೆಗೆ ಹೋದರೂ ಕಂಬಳಿ ಹೊದ್ದು ಹಲ್ಲು ಕಟಕಟಿಸುವವರು ಒಬ್ಬರಾದರೂ ಇರುತ್ತಿದ್ದರು. ಮಂಡ್ಯದ ಆಸ್ಪತ್ರೆಯಿಂದ ಕ್ವಿನೈನು ಮಾತ್ರೆ ತರಬೇಕು. ಅದರ ಕಹಿ ನಾಲಿಗೆಯ ಮೇಲೆ ಮಾರನೆಯ ದಿನದವರೆಗೂ ಇರುತ್ತಿತ್ತು. ಮೈದುನನಂತೂ ಅಸ್ಸಾಮಿನಲ್ಲಿ ನುಂಗಿದ್ದು ಸಾಲದೆಂದು ಇಲ್ಲಿಯೂ ನುಂಗಬೇಕಾಯಿತು.

ಅವನು ಬಂದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ನಾನು ಬಾವಿಯ ಹತ್ತಿರ ತಾಮ್ರದ ಬಿಂದಿಗೆ ಕೈಜಾರಿಸಿದೆ. ಕಲ್ಲಿನ ಮೇಲೆ ಬಿದ್ದು ಅದು ಉರುಳಿದ ಸದ್ದಿಗೆ ಕೊಟ್ಟಿಗೆಯ ದನ ಎದ್ದು ನಿಂತವು. ಮೈದುನ ನನಗೆ ಬೆನ್ನು ಮಾಡಿ ಬೇಲಿ ಕಟ್ಟುತ್ತಿದ್ದವನು ಕಟ್ಟುತ್ತಲೇ ಇದ್ದ. ನಾನು ಅವನ ಎದುರಿಗೆ ಹೋಗಿ ನಿಂತೆ. ನನ್ನ ಮುಖ ನೋಡಿ ಅವನಿಗೆ ಗೊತ್ತಾಯಿತು.

"ಏನ್ ಬಿತ್ತು ಅತ್ಗೆ?"

"ಬಿಂದಿಗೆ."

ಅವನು ಹಗ್ಗ ಕೆಳಗಿಟ್ಟ. "ಆ ಜರದ ಮಾತ್ರೆ ಕಿವಿ ತಿಂದಾಕ್ಬುಡ್ತು ಕಣತ್ಗೆ. ವಳ್ಗಡೆ ಯಾವಾಗ್ಲೂ ಕಬ್ಬಿನ ಗಾಣ ತಿರುಗ್ತಾ ಇರ್ತದೆ. ಅದರ ಕಿರ್ರೋ ಅನ್ನೋದ್ರಲ್ಲಿ ಮಿಕ್ಕಿದ್ದೆಲ್ಲ ಮುಳುಗೋಯ್ತದೆ. ಎದುರಿಗೆ ನಿಂತ್ರೆ ಬಾಯಿ ನೋಡಿ ತಿಳ್ಕತೀನಿ. ಯಾರ್ಗೂ ಯೋಳ್ಬ್ಯಾಡ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಅವತ್ತಿನಿಂದ ಅವನ ಜೊತೆ ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಬರದ ಹಾಗೆ ನೋಡಿಕೊಂಡೆ. ನಮ್ಮ ಕಡೆ ಸೊಸೆಯಾದವಳು ಗಂಡಸರ ಎದುರು ಮಾತಾಡುವಾಗ ಸೆರಗನ್ನು ತುಟಿಗೆ ಹಿಡಿಯುವುದು ರೂಢಿ. ನಾನು ಸೆರಗು ಇಳಿಸಿ, ಬೆಳಕು ನನ್ನ ಮುಖದ ಮೇಲೆ ಬೀಳುವ ಕಡೆ ನಿಂತು, ನಿಧಾನವಾಗಿ ಬಾಯಿ ತೆರೆದು ಮಾತಾಡುತ್ತಿದ್ದೆ. ಅತ್ತೆಗೆ ಇದು ಸರಿಬರಲಿಲ್ಲ. "ಮದ್ದೂರಲ್ಲಿ ನಿಮ್ಮವ್ವ ಇದ್ನೇನಮ್ಮಿ ಕಲ್ಸಿದ್ದು? ಗಂಡಸ್ರ ಮಕಕ್ಕೆ ಮಕ ಕೊಟ್ಕಂಡು," ಎಂದು ನೀರು ಸೇದುವವರ ಎದುರಿಗೇ ಅಂದರು. ನಾನು ತಲೆ ತಗ್ಗಿಸಿದೆ. ಸೆರಗನ್ನು ಮಾತ್ರ ಮೇಲೆತ್ತಲಿಲ್ಲ.

ಕಿವಿಯ ವಿಷಯ ಮುಚ್ಚಿಡಲು ಅವನಿಗೆ ಒಂದು ಕಾರಣವಿತ್ತು. ಮದ್ದೂರಿನ ಆಚೆ ಒಬ್ಬ ಇಂಗ್ಲಿಷ್ ಇಂಜಿನಿಯರು ಬಂಗಲೆ ಮಾಡಿಕೊಂಡಿದ್ದರು. ನಾವೆಲ್ಲ ದೊರೆ ಎನ್ನುತ್ತಿದ್ದೆವು. ಅವರ ಹತ್ತಿರ ಎರಡು ಗ್ಲೈಡರುಗಳಿದ್ದವು. ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಹಗ್ಗ ಕಟ್ಟಿ ಎಳೆದರೆ ಗಾಳಿಪಟದ ಹಾಗೆ ಏರುತ್ತದೆ, ಹಗ್ಗ ಬಿಟ್ಟ ಮೇಲೆ ಗಾಳಿಯ ಮೇಲೆ ಜಾರಿಕೊಂಡು ಇಳಿಯುತ್ತದೆ. ಮಳವಳ್ಳಿ ಕಡೆಯ ಒಣ ಬೋರೆಯ ಮೇಲೆ, ಬಯಲು ದಿಣ್ಣೆಯಲ್ಲಿ, ಶೆಡ್ಡು ಹಾಕಿ ದೊರೆ ಅವನ್ನು ಇಟ್ಟಿದ್ದರು. ನಮ್ಮ ನಾಲೆಯ ಗದ್ದೆಗಳ ಮೇಲೆ ತಣ್ಣನೆಯ ಗಾಳಿ ಕೆಳಕ್ಕೆ ಎಳೆಯುತ್ತದಂತೆ, ಬೋರೆಯ ಮೇಲೆ ಕಾದ ಗಾಳಿ ಮೇಲಕ್ಕೆ ಎತ್ತುತ್ತದಂತೆ. ಹದ್ದುಗಳೂ ಅಲ್ಲೇ ಸುತ್ತುತ್ತವೆ ಎಂದು ಮೈದುನ ಹೇಳುತ್ತಿದ್ದ.

ಸಾಬರು ತಮ್ಮ ಹಳೆಯ ಲಾರಿಯಿಂದ ಗ್ಲೈಡರ್ ಎಳೆಯಲು ಹೋಗುತ್ತಿದ್ದರು. ಅವರ ಜೊತೆ ಮೈದುನನೂ ಹೋದ. ವಿಮಾನದ ಕೆಲಸ ಬಲ್ಲವನೆಂದು ದೊರೆ ಅವನನ್ನು ಹತ್ತಿರ ಸೇರಿಸಿಕೊಂಡರು, ಆಮೇಲೆ ಹಾರಲು ಕಲಿಸಿದರು. ಕಲಿಯುವವನು ಒಬ್ಬನೇ ಕೂರಬೇಕು. ಮೊದಲು ನೆಲದ ಮೇಲೆ ಜಾರುವುದು, ಆಮೇಲೆ ಆಳೆತ್ತರ, ಆಮೇಲೆ ಮರದೆತ್ತರ. ಮೇಲಿದ್ದವನಿಗೆ ಕೆಳಗಿನವರ ಕೂಗು ಹೇಗೂ ಕೇಳಿಸುವುದಿಲ್ಲ. ದೊರೆ ಕರ್ಚೀಫು ಬೀಸಿ ಸನ್ನೆ ಮಾಡುತ್ತಿದ್ದರು. ಹಾಗಾಗಿ ಇವನ ಕಿವಿಯ ವಿಷಯ ಅವರಿಗೆ ಗೊತ್ತಾಗಲೇ ಇಲ್ಲ. ಗೊತ್ತಾಗಿದ್ದರೆ ಹಾರಲು ಬಿಡುತ್ತಿರಲಿಲ್ಲ.

ರೆಕ್ಕೆಯ ಬಟ್ಟೆ ಹರಿದಾಗ ಆ ತುಂಡನ್ನು ಬಿಚ್ಚಿ ಮನೆಗೆ ತರುತ್ತಿದ್ದ, ಹೊಲಿದುಕೊಡುವುದು ನನ್ನ ಪಾಲಿಗೆ ಬಂತು. ಹೊಲಿದ ತೇಪೆಯ ಮೇಲೆ ಬಳಿಯುವ ವಾರ್ನಿಷಿನಂಥ ಔಷಧಿ ಒಂದು ಸಲ ಎಲ್ಲೂ ಸಿಗಲಿಲ್ಲ. ಮೈದುನ ನನ್ನನ್ನು ಕೇಳಿದ, ನಾನು ಅನ್ನದ ಗಂಜಿ ಮಂದವಾಗಿ ಕಾಯಿಸಿ ಬಳಿದುಕೊಟ್ಟೆ. ಒಣಗಿದ ಮೇಲೆ ಡೋಲಿನ ಚರ್ಮದ ಹಾಗೆ ಬಿಗಿಯಾಗಿ ನಿಂತಿತು, ನಮಗಿಬ್ಬರಿಗೂ ಬಹಳ ಹೆಮ್ಮೆ. ಮಾರನೆಯ ದಿನ ನೋಡಿದರೆ ನಮ್ಮ ಕರು ರೆಕ್ಕೆಯ ತುಂಡನ್ನು ನೆಕ್ಕಿ ನೆಕ್ಕಿ ಬಟ್ಟೆಯನ್ನು ಬಾಯೊಳಗೆ ಎಳೆದುಕೊಂಡಿತ್ತು. ನಮ್ಮ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ, ಮ್ಯಾಲೋದಾಗ ಹದ್ದು ಬಂದು ನೆಕ್ಕೀತು ಕಣ್ಲಾ, ಉಸಾರು." ಮೈದುನನೂ ನಕ್ಕ, ಅಣ್ಣನ ಬಾಯಿಯನ್ನೇ ನೋಡುತ್ತಾ, ಅರೆಗಳಿಗೆ ತಡವಾಗಿ. ಅವನ ನಗು ಯಾವಾಗಲೂ ಅರೆಗಳಿಗೆ ತಡ. ಅದನ್ನು ಗಮನಿಸುತ್ತಿದ್ದವಳು ನಾನೊಬ್ಬಳೇ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ದೊರೆ ತಮ್ಮ ದೇಶಕ್ಕೆ ಹೊರಡಲು ತಯಾರಾದರು. ಎರಡು ಗ್ಲೈಡರನ್ನೂ ಮಾರುವುದಾಗಿ ಹೇಳಿ, ಮೊದಲು ಆರಿಸಿಕೊಳ್ಳುವ ಅವಕಾಶವನ್ನು ಮೈದುನನಿಗೆ ಕೊಟ್ಟರು. ಅವನು ಅಲ್ಲಿಯವರೆಗೆ ಗಾಳಿಯಲ್ಲಿ ಕಳೆದ ಹೊತ್ತನ್ನೆಲ್ಲ ಸೇರಿಸಿದರೂ ಒಂದು ಕೊಪ್ಪರಿಗೆ ಬೆಲ್ಲ ಇಳಿಸುವಷ್ಟು ಹೊತ್ತು ಆಗುತ್ತಿರಲಿಲ್ಲ. ಅಷ್ಟು ಕಡಿಮೆ ಹಾರಿದವನು ಸ್ವಂತದ್ದೊಂದನ್ನು ಕೊಳ್ಳುವುದೇ ದೊಡ್ಡ ಮಾತು. ಅದರಲ್ಲೂ ಯಾವುದನ್ನು ಕೊಳ್ಳುತ್ತಾನೆ ಎನ್ನುವುದರ ಮೇಲೆ ಅವನ ಜೀವ ನಿಂತಿತ್ತು.

ಒಂದು, ಅವನು ಕಲಿತದ್ದು. ಅದಕ್ಕೆ ಮೈಯೇ ಇರಲಿಲ್ಲ. ಒಂದು ತೊಲೆ, ತೊಲೆಯ ಮೇಲೆ ಮಣೆ, ತಲೆಯ ಮೇಲೆ ರೆಕ್ಕೆ, ಸುತ್ತ ತಂತಿ. ಹೊಲ ಕಾಯುವ ಅಟ್ಟಣೆಗೆ ರೆಕ್ಕೆ ಕಟ್ಟಿದ ಹಾಗಿತ್ತು. ನಾವು ಮನೆಯಲ್ಲಿ ಅದನ್ನು ಅಟ್ಟಣೆ ಎಂದೇ ಕರೆಯುತ್ತಿದ್ದೆವು. ಇನ್ನೊಂದು ದೊರೆಯದೇ. ನುಣುಪಾದ ಮರದ ಮೈ, ಮೆರುಗು ಬಳಿದ ತೊಟ್ಟಿಲಿನ ಹಾಗೆ. ಒಳಗೆ ಕೂತ ಮೇಲೆ ತಲೆಯ ಮೇಲೆ ಗಾಜಿನ ಮುಚ್ಚಳ ಮುಚ್ಚಬೇಕು. ಅದು ಬಹಳ ದೂರ ಹೋಗುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ಅಟ್ಟಣೆಗೆ ಮೈದುನ ಯುದ್ಧದಿಂದ ತಂದ ದುಡ್ಡೇ ಸಾಕಿತ್ತು. ಮುಚ್ಚಳದ್ದಕ್ಕೆ ಆ ವರ್ಷದ ಕಬ್ಬಿನ ದುಡ್ಡೂ ಸೇರಬೇಕಿತ್ತು, ಅದನ್ನು ಕೊಡಲು ನಮ್ಮ ಯಜಮಾನರು ತಾವಾಗಿಯೇ ಮುಂದೆ ಬಂದರು. ಅವರು ತಮ್ಮನ ಮೇಲಿನ ಪ್ರೀತಿಯನ್ನು ಬಾಯಲ್ಲಿ ಆಡಿದವರಲ್ಲ. ಬೈಯುತ್ತಲೇ ಕೊಡುವ ಜಾತಿ.

"ಕಲ್ತಾಯ್ತಲ್ಲ, ಇನ್ನೂ ಯಾಕ್ಲಾ ಸ್ಲೇಟು? ತಕಳಾದಾದ್ರೆ ನೆಟ್ಟುಗಿರಾದು ತಕ," ಎಂದರು.

ನೋಡಲು ಎಲ್ಲರೂ ಸಾಬರ ಲಾರಿಯಲ್ಲಿ ಬೋರೆಗೆ ಹೋದೆವು. ರೆಕ್ಕೆಯ ಬಟ್ಟೆ ಪರೀಕ್ಷೆ ಮಾಡಬೇಕೆಂದು ಮೈದುನ ನನ್ನನ್ನೂ ಕರೆದುಕೊಂಡು ಹೋದ. ದಾರಿಯಲ್ಲಿ ಅವನು ಲಾರಿಯ ಫುಟ್‌ಬೋರ್ಡಿನ ಮೇಲೆ ನಿಂತು ಮುಖ ಹೊರಗೆ ಹಾಕಿದ್ದ. ಸಾಬರು ನಕ್ಕರು. "ನಿಮ್ ಮೈದುನಂಗೆ ಸೀಟ್ ಕೊಟ್ರೆ ಬೇಡ ಅಂತಾನಮ್ಮ. ನಾಯಿ ಥರ ಗಾಳಿ ತಿಂತಾನೆ."

ಅದು ಅವನ ಅಭ್ಯಾಸ ಎಂದು ನನಗೆ ಗೊತ್ತಿತ್ತು. ನನಗೆ ವಿವರಿಸಿದ್ದ. ಗ್ಲೈಡರಿನಲ್ಲಿ ವೇಗ ಗೊತ್ತಾಗುವುದು ಗಾಳಿಯ ಸದ್ದಿನಿಂದ. ಸದ್ದು ಸಣ್ಣಗಾದರೆ ಬೀಳುವ ಹೊತ್ತು ಬಂತೆಂದು ಅರ್ಥ. ಹೊಸಬರು ಕಣ್ಣನ್ನು ನೆಲದ ಮೇಲಿಟ್ಟು ಕಿವಿಯನ್ನು ಗಾಳಿಗೆ ಕೊಡಬೇಕು. ಇವನ ಕಿವಿ ಗಾಣದ ಸದ್ದಿನಲ್ಲಿ ಮುಳುಗಿತ್ತು. ಹಾಗಾಗಿ ಕೆನ್ನೆಯಿಂದ ತಿಳಿಯುವುದನ್ನು ಕಲಿತಿದ್ದ. "ಕಬ್ಬು ತುಂಬಿದ ಲಾರಿ ಓಡುವಾಗ ಕೆನ್ನೆಗೆ ಒಂದು ಥರ ತಾಕ್ತದೆ. ಅದ್ಕಿಂತ ಕಮ್ಮಿ ಆದ್ರೆ ಬೀಳ್ತೀನಿ. ಖಾಲಿ ಲಾರಿಗಿಂತ ಜಾಸ್ತಿ ಆದ್ರೆ ರೆಕ್ಕೆ ಮುರೀತದೆ. ಅವೆರಡರ ನಡುವೆ ಇದ್ರೆ ಬದುಕಿರ್ತೀನಿ." ಒದ್ದೆ ಕೆನ್ನೆಗೆ ಇನ್ನೂ ಸೂಕ್ಷ್ಮವಾಗಿ ತಿಳಿಯುತ್ತದೆ ಎಂದು ಜಗಲಿಯ ಮೇಲೆ ಆ ಪಾಠ.

ಶೆಡ್ಡಿನಲ್ಲಿ ದೊರೆ ಅವನನ್ನು ತಮ್ಮ ಗ್ಲೈಡರಿನೊಳಗೆ ಕೂರಿಸಿ ಮುಚ್ಚಳ ಹಾಕಿದರು. ರೆಕ್ಕೆ ತಟ್ಟುತ್ತಾ, ಸುತ್ತ ಬರುತ್ತಾ, ತಮ್ಮ ಹರಕು ಕನ್ನಡದಲ್ಲಿ ಏನೇನೋ ವಿವರಿಸಿದರು. ಅವನ ಬೆನ್ನ ಹಿಂದೆ ಬಂದು, "ಕಾಲು ತಲುಪುತ್ತದೆಯೋ?" ಎಂದು ಕೇಳಿದರು. ಅವನು ಸುಮ್ಮನಿದ್ದ. ಇನ್ನೊಂದು ಸಲ ಕೇಳಿದರು. ಅವನು ಗಾಜಿನೊಳಗಿಂದ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ, ಅವನೂ ಆಡಿಸಿದ. ಹೊರಗೆ ಬಂದಾಗ ಅವನ ಮೇಲ್ದುಟಿಯ ಮೇಲೆಲ್ಲ ಬೆವರು.

ನಮ್ಮ ಯಜಮಾನರು ಆ ನುಣುಪು ಮರದ ಮೇಲೆ ಕೈಯಾಡಿಸುತ್ತಾ ನಿಂತಿದ್ದರು. ಒಳ್ಳೆಯ ಎತ್ತಿನ ಬೆನ್ನು ಸವರುವ ಹಾಗೆ. "ಇದೇ ಆಗ್ಲಿ ಬುಡ್ಲಾ," ಎಂದರು.

"ಬ್ಯಾಡ ಕಣಣ್ಣ. ಅಟ್ಟಣೆ ಸಾಕು."

"ಯಾಕೆ? ದುಡ್ ಕೊಡೋನು ನಾನು ತಾನೆ?"

"ದುಡ್ಡಲ್ಲ."

"ಮತ್ತೆ ಅಂಜ್ಕೆನಾ? ಯುದ್ದಕ್ಕೋಗಿ ಬಂದೋನು ಅಂತ ಊರೆಲ್ಲ ಯೋಳ್ಕಂಡ್ ತಿರುಗ್ತಿವ್ನಿ ನಾನು. ತೊಟ್ಟಿಲು ಕಂಡ್ರೆ ಹೆದುರ್ತೀಯಾ, ಅಂಜುಬುರುಕ ನನ್ಮಗನೆ."

ಸಾಬರು ಮುಖ ತಿರುಗಿಸಿಕೊಂಡರು. ಮೈದುನ ಮರದ ಕೂಡಿಕೆಯ ಮೇಲೆ ಬೆರಳು ಓಡಿಸಿದ. ಆಮೇಲೆ, "ಅಂಟು ಕೆಟ್ಟದೆ ಅಂತ ಅನುಮಾನ," ಎಂದ. ಮರದ ಹಲಗೆಗಳನ್ನು ಕೂಡಿಸುವ ಅಂಟನ್ನು ಹಾಲಿನಿಂದ ಮಾಡುತ್ತಾರೆಂದೂ, ಶೀತಕ್ಕೆ ಅದು ಕೆಡುತ್ತದೆಂದೂ, ಕೆಟ್ಟರೆ ಹುಳಿ ಮಜ್ಜಿಗೆಯ ವಾಸನೆ ಬರುತ್ತದೆಂದೂ ಅವನು ಹಿಂದೆಯೇ ನಮಗೆಲ್ಲ ಹೇಳಿದ್ದ. ಅಟ್ಟಣೆಯ ಕೂಡಿಕೆಗಳೆಲ್ಲ ಕಣ್ಣಿಗೆ ಕಾಣುತ್ತವೆ. ಮುಚ್ಚಿದ ಮೈಯೊಳಗಿನದು ಯಾರಿಗೆ ಕಾಣಬೇಕು.

"ನಂಗೆ ಜರ ಬಂದು ಮೂಗು ಸತ್ತದೆ. ಅತ್ಗೆ, ನೀನು ಮೂಸು. ನಿಂದು ಅಡಿಗೆಮನೆ ಮೂಗು."

ನಾನು ತಲೆಯನ್ನು ಒಳಗೆ ಬಗ್ಗಿಸಿದೆ. ಚರ್ಮದ ಪಟ್ಟಿಯ ವಾಸನೆ ಇತ್ತು, ವಾರ್ನಿಷಿನದಿತ್ತು, ದೊರೆಯ ಹೊಗೆಸೊಪ್ಪಿನದಿತ್ತು. ಬೇರೆ ಏನೂ ಇರಲಿಲ್ಲ. ತಲೆ ಎತ್ತಿದಾಗ ಮೈದುನ ನನ್ನ ಕಣ್ಣನ್ನು ನೋಡುತ್ತಿರಲಿಲ್ಲ. ಬಾಯಿಯನ್ನು ನೋಡುತ್ತಿದ್ದ. ಅಷ್ಟು ಹಸಿದವರ ಹಾಗೆ ಯಾರೂ ನನ್ನ ಬಾಯಿಂದ ಒಂದು ಮಾತಿಗಾಗಿ ಕಾದಿಲ್ಲ.

"ಹುಳಿ ಮಜ್ಜಿಗೆ ವಾಸನೆ ಬತ್ತದೆ," ಎಂದೆ, ನಿಧಾನವಾಗಿ, ಅವನಿಗೆ ಕಾಣುವ ಹಾಗೆ.

ದೊರೆಗೆ ಸ್ವಲ್ಪ ಬೇಜಾರಾಯಿತು, ಆಮೇಲೆ ನಕ್ಕುಬಿಟ್ಟರು. ಹೆಂಗಸಿನ ಮೂಗು ನಂಬಿ ವಿಮಾನ ಕೊಳ್ಳುವವರನ್ನು ಇದೇ ಮೊದಲು ನೋಡಿದ್ದು ಎಂದರು. ಯಜಮಾನರು ಹಿಂದಿರುಗುವಾಗ ದಾರಿಯುದ್ದಕ್ಕೂ ಲಾರಿಯ ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದರು.

ಅವತ್ತು ಸಂಜೆ ಹಿತ್ತಲಲ್ಲಿ ಮೈದುನ ನನಗೆ ಪೂರ್ತಿ ಹೇಳಿದ. "ಮುಚ್ಚಳ ಹಾಕಿದ ಮ್ಯಾಲೆ ಏನೂ ಇರ್ನಿಲ್ಲ ಅತ್ಗೆ. ಗಾಳಿ ಇಲ್ಲ, ಸದ್ದಿಲ್ಲ, ಗಾಣ ಒಂದೇ. ದೊರೆ ಬಾಯಿ ಆಡಿದ್ದು ಕಂಡ್ತು, ಗಡಿಗೆ ವಳಗಡೆ ಬಿದ್ದೋನು ಆಕಾಸ ನೋಡ್ದಂಗೆ. ಅದರಲ್ಲಿ ವೇಗ ತೋರ್ಸೋ ಮುಳ್ಳದೆ. ಆದ್ರೆ ನನ್ನಂಥ ಹೊಸಬ ಮುಳ್ಳು ನೋಡಾಕೋದ್ರೆ ನೆಲ ಮರೀತಾನೆ. ಅದನ್ನ ಹಾರ್ಸಬೇಕು ಅಂದ್ರೆ ಕಿವಿ ವಾಪಸ್ ಬರ್ಬೇಕು. ಕಿವಿ ಬರ್ಬೇಕು ಅಂದ್ರೆ ಮಾತ್ರೆ ಬುಡ್ಬೇಕು."

"ಮಾತ್ರೆ ಬುಟ್ರೆ?"

"ಜರ ಬುಡಾಕಿಲ್ಲ."

"ಮಾತ್ರೆ ಬುಡ್ಬ್ಯಾಡ."

"ಅದ್ಕೇ ಕಣತ್ಗೆ ಅಟ್ಟಣೆ ತಕಂಡಿದ್ದು," ಎಂದ. ನಕ್ಕ. ಆ ಒಂದು ಸಲ ಅವನ ನಗು ತಡವಾಗಿ ಬರಲಿಲ್ಲ.

ಅಂದ ಬಿಟ್ಟು, ದೂರ ಬಿಟ್ಟು, ಅಣ್ಣನ ಕೈಯಲ್ಲಿ ಅಂಜುಬುರುಕ ಅನ್ನಿಸಿಕೊಂಡು ಅವನು ಬದುಕನ್ನು ಆರಿಸಿಕೊಂಡಿದ್ದ. ಅದು ಅಣ್ಣನಿಗೆ ಗೊತ್ತಿರಲಿಲ್ಲ. ಮುಚ್ಚಳದ ಗ್ಲೈಡರನ್ನು ಮೈಸೂರಿನ ಯಾರೋ ಕೊಂಡರು, ಅದು ಚೆನ್ನಾಗಿ ಹಾರುತ್ತಿದೆ ಎಂದು ಸಾಬರು ಸುದ್ದಿ ತಂದರು. ಅವತ್ತಿನಿಂದ ನಮ್ಮ ಯಜಮಾನರಿಗೆ ಊಟಕ್ಕೆ ಕೂತಾಗಲೆಲ್ಲ ಒಂದು ತಮಾಷೆ. ಮಜ್ಜಿಗೆ ಬಡಿಸಿದರೆ ಲೋಟ ಮೂಗಿನ ಹತ್ತಿರ ಹಿಡಿದು, "ಇಮಾನದ ಅಂಟು ಬಿದ್ದದೇನೇ ಇದ್ರಲ್ಲಿ?" ಎನ್ನುವರು. ನಾನು ನಗುತ್ತಿದ್ದೆ. ಮೈದುನ ತಟ್ಟೆ ನೋಡುತ್ತಿದ್ದ.

ಬೋರೆಯ ರೈತನೊಬ್ಬ ತನ್ನ ಹುಲ್ಲಿನ ಮೆದೆಯ ಪಕ್ಕ ಶೆಡ್ಡನ್ನು ಉಳಿಸಿಕೊಳ್ಳಲು ಒಪ್ಪಿದ. ಮುಂದಿನ ಬೇಸಿಗೆಯೆಲ್ಲ ಮೈದುನ ಹಾರಿದ. ಜ್ವರದ ದಿನ ಹೋಗುತ್ತಿರಲಿಲ್ಲ, ಎಷ್ಟು ಒಳ್ಳೆಯ ಗಾಳಿ ಇದ್ದರೂ ಸರಿಯೆ. ಗ್ಲೈಡರ್ ಹೊರಡುವಾಗ ರೆಕ್ಕೆಯ ತುದಿಯನ್ನು ಒಬ್ಬರು ಸಮವಾಗಿ ಹಿಡಿದು ನಾಲ್ಕು ಹೆಜ್ಜೆ ಓಡಬೇಕು. ಒಂದು ದಿನ ಹಿಡಿಯುವವರು ಯಾರೂ ಬರಲಿಲ್ಲ. ಬುತ್ತಿ ತಂದಿದ್ದ ನಾನೇ ಹಿಡಿದೆ. ಆಮೇಲೆ ಅದು ನನ್ನ ಕೆಲಸವೇ ಆಯಿತು. ಸೀರೆ ಎತ್ತಿ ಕಟ್ಟಿ ಓಡುತ್ತಿದ್ದೆ. ಸಾಬರ ಲಾರಿ ಹೊಗೆ ಬಿಟ್ಟು ಹೊರಟ ಮೇಲೆ ಹಗ್ಗ ಬಿಗಿಯುತ್ತಿತ್ತು, ಕೈಯಲ್ಲಿ ಭಾರವಾಗಿದ್ದ ರೆಕ್ಕೆ ಇದ್ದಕ್ಕಿದ್ದ ಹಾಗೆ ಹಗುರಾಗುತ್ತಿತ್ತು. ನಾನು ಬಿಡುತ್ತಿದ್ದೆನೋ ಅದೇ ಬಿಟ್ಟು ಹೋಗುತ್ತಿತ್ತೋ, ನನಗೆ ಹೇಳಲು ಬರುವುದಿಲ್ಲ.

ಅತ್ತೆಗೆ ಯಾರೋ ಹೇಳಿದರು. "ಸೊಸೆ ಬೋರೆ ಮ್ಯಾಲೆ ಓಡ್ತಳಂತೆ," ಎಂದು ಅವರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ, "ಅವ್ನು ಮ್ಯಾಲಿದ್ದಾಗ ಎಂಗ್ ಕಾಣ್ತನಮ್ಮಿ?" ಎಂದು ಕೇಳಿದರು.

"ಕಾಲು ಇಳಿಬುಟ್ಕಂಡು ಕೂತಿರ್ತನೆ. ಜಗಲಿ ಮ್ಯಾಲೆ ಕೂತಂಗೆ," ಎಂದೆ.

ಒಂದು ದಿನ ಒಂದು ಹದ್ದಿನ ಜೊತೆ ಸುತ್ತುತ್ತಾ ಬಹಳ ಹೊತ್ತು ಮೇಲೆಯೇ ಇದ್ದ. ಇಳಿದ ಮೇಲೆ ಮಣೆಯಿಂದ ಏಳಲಿಲ್ಲ. ಕಣ್ಣಿನಿಂದ ನೀರ ಗೆರೆ ಕಿವಿಯವರೆಗೆ ಒಣಗಿತ್ತು, ಅದು ಗಾಳಿಯ ನೀರು. ನಾನು ಎದುರಿಗೆ ಹೋಗಿ ಕೂತೆ. "ಮ್ಯಾಲೆ ಗಾಣ ನಿಲ್ತದೆ ಅತ್ಗೆ," ಎಂದ. ನಿಜವಾಗಿ ನಿಲ್ಲುತ್ತಿತ್ತೋ, ಗಾಳಿಯಲ್ಲಿ ಅವನು ಅದನ್ನು ಮರೆಯುತ್ತಿದ್ದನೋ.

ಆ ಬೇಸಿಗೆ ಮುಗಿದು ಮಳೆಗಾಲದಲ್ಲಿ ಸ್ವಾತಂತ್ರ್ಯ ಬಂತು. ಸ್ಕೂಲಿನ ಮುಂದೆ ಬಾವುಟ ಏರಿಸಿದರು, ಮಕ್ಕಳಿಗೆ ಕಲ್ಲುಸಕ್ಕರೆ ಕೊಟ್ಟರು. ಬಾಗಿಲಿಗೆ ಕಟ್ಟಿದ ಕಾಗದದ ತೋರಣ ಮಳೆಗೆ ನೆಂದು ಬಣ್ಣ ಗೋಡೆಗೆ ಇಳಿಯಿತು. ಗದ್ದೆಗಳಲ್ಲಿ ನೀರು ನಿಂತಿತ್ತು. ಅದು ಜ್ವರದ ಕಾಲ. ಮೈದುನ ಮಲಗಿದ. ಮಾತ್ರೆ ಬಿಟ್ಟಿರಲಿಲ್ಲ, ನಾನೇ ಎಣಿಸಿ ಬಾಯಿಗೆ ಹಾಕುತ್ತಿದ್ದೆ. ಆ ಸಲ ಜ್ವರ ಒಂದು ದಿನವೂ ಬಿಡದೆ ತಲೆಗೇರಿತು. ಮಂಡ್ಯದಿಂದ ಡಾಕ್ಟರು ಬಂದು ಸೂಜಿ ಹಾಕಿ, ಅತ್ತೆಯ ಮುಖ ನೋಡದೆ ಹೋದರು.

ಮಳೆಯ ಮಧ್ಯಾಹ್ನ, ಕೋಣೆಯಲ್ಲಿ ಕತ್ತಲೆ. ನಮ್ಮ ಯಜಮಾನರು ತಮ್ಮನ ತಲೆಯ ಹತ್ತಿರ, ಹಿಂದುಗಡೆ ಕೂತು ಕರೆಯುತ್ತಿದ್ದರು. "ಲೇ, ನಾನ್ಲಾ. ಲೇ, ಯೋಳೋದ್ ಕೇಳ್ಲಾ. ಗುಣ ಆಗ್ಲಿ, ಆ ತೊಟ್ಟಿಲಂತಾದ್ದೇ ತಂದ್ಕೊಡ್ತೀನಿ, ಎಲ್ಲಿದ್ರೂ ಸರಿ." ಮೈದುನನ ಕಣ್ಣು ತೆರೆದಿತ್ತು. ಆ ಕಣ್ಣು ಕೋಣೆಯೆಲ್ಲ ಹುಡುಕುತ್ತಿತ್ತು. ಯಜಮಾನರು ಇನ್ನೂ ಜೋರಾಗಿ ಕರೆದರು. ಅದು ಕೂಗಾಯಿತು. ಅವನು ತಿರುಗಲಿಲ್ಲ.

ನಾನು ದೀಪ ಹಚ್ಚಿ ನನ್ನ ಗದ್ದದ ಕೆಳಗೆ ಹಿಡಿದುಕೊಂಡೆ. ಅವನ ಕಣ್ಣು ಬಂದು ನನ್ನ ಬಾಯಿಯ ಮೇಲೆ ನಿಂತಿತು. "ಅಣ್ಣ ಅವ್ರೆ ಕಣಪ್ಪ. ಇಲ್ಲೇ ಅವ್ರೆ," ಎಂದೆ, ಸದ್ದಿಲ್ಲದೆ, ಬರೀ ತುಟಿಯಲ್ಲಿ. ಅವನು ತಲೆಯಾಡಿಸಿದ.

ಯಜಮಾನರು ನನ್ನನ್ನು ನೋಡಿದರು, ದೀಪವನ್ನು ನೋಡಿದರು. "ಯಾವತ್ತಿಂದ?" ಎಂದರು.

"ಯುದ್ಧದಿಂದ ಬಂದಾಗ್ಲಿಂದ."

ಅವರು ಎದ್ದು ಬಂದು ನನ್ನ ಪಕ್ಕ, ತಮ್ಮನ ಎದುರಿಗೆ ಕೂತರು. ದೀಪವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಗದ್ದದ ಕೆಳಗೆ ಹಿಡಿದರು. ಹಾಗೇ ಹಿಡಿದು ಕೂತಿದ್ದರು. ಮಾರನೆಯ ದಿನ ದನ ಬಿಡುವ ಹೊತ್ತಿಗೆ ಮೈದುನ ಹೋದ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ನಾನು ಮಜ್ಜಿಗೆ ಬಡಿಸಿದೆ. ಯಜಮಾನರು ಲೋಟ ಎತ್ತಿದವರು ಕೆಳಗಿಟ್ಟರು. "ಅವತ್ತು ಅದ್ರಲ್ಲಿ ವಾಸ್ನೆ ಇತ್ತಾ?" ಎಂದು ಕೇಳಿದರು.

"ಇರ್ಲಿಲ್ಲ."

ಕೆನ್ನೆಯ ಪಾಠ, ಮುಚ್ಚಳದ ಭಯ, ಎಲ್ಲವನ್ನೂ ಹೇಳಿದೆ. ಅವರು ಏಳಲಿಲ್ಲ. ಊಟವನ್ನೂ ಮಾಡಲಿಲ್ಲ. ಆ ತಮಾಷೆ ಮತ್ತೆ ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಅಟ್ಟಣೆಯ ಬದಲು ತೊಟ್ಟಿಲನ್ನು ಕೊಂಡಿದ್ದರೆ ಅವನು ಮಾತ್ರೆ ಬಿಟ್ಟಿರುತ್ತಿದ್ದ, ಆ ಬೇಸಿಗೆ ನಮಗೆ ಸಿಗುತ್ತಿರಲಿಲ್ಲ ಎಂದು ನಾನು ಎಷ್ಟೋ ಸಲ ಹೇಳಿಕೊಳ್ಳುತ್ತೇನೆ. ಒಂದು ಬೇಸಿಗೆ ಅಂದರೆ ಎಷ್ಟು ಸಣ್ಣದು. ಆದರೆ ಆ ಬೇಸಿಗೆಯಲ್ಲಿ ನಾನು ಓಡಿದ್ದೆ. ಹುಟ್ಟಿದ ಮೇಲೆ, ಮದುವೆಯಾದ ಮೇಲೆ, ಯಾರೂ ನನ್ನನ್ನು ಓಡು ಎಂದಿರಲಿಲ್ಲ. ಬಾಯಿ ಮುಚ್ಚದೆ ಮಾತಾಡಲು ಕಲಿತದ್ದೂ ಅವನಿಂದಲೇ. ಈಗಲೂ ಯಾರ ಎದುರಿಗೂ ನನ್ನ ಕೈ ಸೆರಗಿಗೆ ಹೋಗುವುದಿಲ್ಲ. ಅತ್ತೆಯೂ ಏನೂ ಅನ್ನುವುದಿಲ್ಲ.

ದೀಪಾವಳಿ ಕಳೆದು ಬೋರೆ ಒಣಗಿದ ಮೇಲೆ ಯಜಮಾನರು, "ಅಟ್ಟಣೆ ಎಂಗದೆ ನೋಡ್ಕಂಡು ಬರಾನ," ಎಂದರು. ಹೊರಡುವಾಗ ದೇವರ ಗೂಡಿನಿಂದ ಬತ್ತಿಯ ಹತ್ತಿ ಒಂದಿಷ್ಟು ಕೇಳಿದರು. ಯಾಕೆಂದು ನಾನು ಕೇಳಲಿಲ್ಲ, ಕೊಟ್ಟೆ.

ಸಾಬರೂ ಯಜಮಾನರೂ ಸೇರಿ ಅದನ್ನು ಶೆಡ್ಡಿನಿಂದ ಹೊರಗೆ ತಂದರು. ಮೂತಿಯನ್ನು ಗಾಳಿಗೆ ತಿರುಗಿಸಿ, ತೊಲೆಗೆ ಹಗ್ಗ ಕಟ್ಟಿ, ಹಗ್ಗವನ್ನು ಲಾರಿಗೆ ಬಿಗಿದರು. ಹಾರಲು ಅಲ್ಲ, ಜಾರದಿರಲು. ನನ್ನ ಹೊಲಿಗೆಗಳೆಲ್ಲ ಹಾಗೇ ಇದ್ದವು. ಯಜಮಾನರು ಲಾರಿಯ ಡಬ್ಬಿಯಿಂದ ನೀರು ಬಗ್ಗಿಸಿಕೊಂಡು ಮುಖ ತೊಳೆದರು. ಒರೆಸಿಕೊಳ್ಳಲಿಲ್ಲ. ಎರಡು ಕಿವಿಗೂ ಹತ್ತಿ ತುರುಕಿಕೊಂಡು ಮಣೆಯ ಮೇಲೆ ಕೂತರು. ದಪ್ಪ ಮೈಯವರು, ಮಣೆ ಅವರಿಗೆ ಸಾಲದಾಯಿತು. ಸಾಬರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಲಾರಿಯ ಆಚೆ ಬದಿಗೆ ಹೋದರು.

ನಾನು ರೆಕ್ಕೆಯ ತುದಿ ಹಿಡಿದು ಸಮ ಮಾಡಿದೆ.

ಮಳವಳ್ಳಿ ಕಡೆಯಿಂದ ಗಾಳಿ ಬಂತು. ತಂತಿಗಳು ಸಣ್ಣಗೆ ಹಾಡಿದವು, ಅದು ನನಗೆ ಕೇಳಿಸಿತು. ಅವರು ಕಣ್ಣು ಮುಚ್ಚಿ ಮೊದಲು ಎಡಗೆನ್ನೆ ಕೊಟ್ಟರು, ಆಮೇಲೆ ಬಲಗೆನ್ನೆ. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ, ಕಿವಿ ಕೇಳದವರು ಮಾತಾಡುವ ಹಾಗೆ ಬಹಳ ಗಟ್ಟಿಯಾಗಿ, "ಅಂಜುಬುರುಕ ಅಂದಿದ್ನಲ್ಲೇ," ಎಂದರು.

"ಅವ್ನು ಬೇಜಾರ್ ಮಾಡ್ಕಂಡಿರ್ಲಿಲ್ಲ," ಎಂದೆ.

ಅವರಿಗೆ ಕೇಳಿಸಲಿಲ್ಲ. ಮುಖ ಗಾಳಿಯ ಕಡೆಗೇ ಇತ್ತು, ನನ್ನ ಬಾಯಿ ಕಾಣುತ್ತಿರಲಿಲ್ಲ. ರೆಕ್ಕೆ ನನ್ನ ಕೈಯಲ್ಲಿ ಹಗುರಾಗುತ್ತಾ ಬಂತು. ನಾನು ಬಿಡಲಿಲ್ಲ. ಅವರು ಕಿವಿಯಿಂದ ಹತ್ತಿ ತೆಗೆದು ನನ್ನ ಕಡೆ ತಿರುಗುವವರೆಗೂ ಹಿಡಿದುಕೊಂಡೇ ನಿಂತಿದ್ದೆ.